ಕದ್ದಿದ್ದು ನಿಜ, ಆದರೆ ಆ ಡ್ರಮ್ ಸದ್ದು ಯಾರದ್ದು?

"ಲೆಡ್ ಝೆಪೆಲಿನ್ ಬರೀ ಕದ್ದ ಹಾಡುಗಳ ಬ್ಯಾಂಡ್ ತಾನೇ, ಯಾಕಿಷ್ಟು ಹೊಗಳಿಕೆ?" ಎಂದು ಕೇಳಿದ್ದೀರಿ. ನಾನು ಆ ಬ್ರಿಟಿಷ್ ರಾಕ್ ಬ್ಯಾಂಡಿನ ಅಭಿಮಾನಿಯೇ, ಆದರೂ ಅರ್ಧ ಒಪ್ಪುತ್ತೇನೆ. 1969ರ 'ಹೋಲ್ ಲಾಟಾ ಲವ್' ಸಾಲುಗಳಲ್ಲಿ ಎಷ್ಟೋ ಅಮೆರಿಕದ ಬ್ಲೂಸ್ ಗೀತರಚನೆಕಾರ ವಿಲ್ಲಿ ಡಿಕ್ಸನ್ ಅವರವು. ಅವರು 1985ರಲ್ಲಿ ಕೋರ್ಟಿಗೆ ಹೋದ ಮೇಲೆ ರಾಜಿಯಾಯಿತು, ಹೆಸರೂ ಸೇರಿತು. ಮೊದಲೇ ಹಾಕಿದ್ದರೆ ಗಂಟೇನು ಹೋಗುತ್ತಿತ್ತು?

'ಸ್ಟೇರ್‌ವೇ ಟು ಹೆವನ್' ಕೇಸ್ ಬೇರೆ. ಆ ಹಾಡಿನ ಶುರುವಿನ ಗಿಟಾರ್ ಸಾಲು ಕದ್ದದ್ದು ಎಂಬ ದೂರು ಅದು. 2016ರಲ್ಲಿ ಜ್ಯೂರಿ ಬ್ಯಾಂಡ್ ಪರ ನಿಂತಿತು, 2020ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮೆಟ್ಟಿಲಿಳಿದಂತೆ ಇಳಿಯುವ ಆ ಸ್ವರಸಾಲು ಶತಮಾನಗಳಷ್ಟು ಹಳೆಯದು, ಯಾರಪ್ಪನ ಆಸ್ತಿಯೂ ಅಲ್ಲ.

ಒಂದು ಕೆಲಸ ಮಾಡಿ. 'ವೆನ್ ದಿ ಲೆವೀ ಬ್ರೇಕ್ಸ್' ಹಾಡಿನ ಎರಡೂ ರೂಪ ಕೇಳಿ. 1929ರಲ್ಲಿ ಬ್ಲೂಸ್ ಗಾಯಕರಾದ ಕಾನ್ಸಾಸ್ ಜೋ, ಮೆಂಫಿಸ್ ಮಿನ್ನಿ ಹಾಡನ್ನು ಗಿಟಾರ್‌ಗಳಲ್ಲೇ ಮುಗಿಸಿದ್ದರು. 1971ರಲ್ಲಿ ಲೆಡ್ ಝೆಪೆಲಿನ್‌ನವರು ಮಿನ್ನಿಯ ಹೆಸರು ಹಾಕಿದರು, ಪುಣ್ಯಕ್ಕೆ! ಆಮೇಲೆ ಹೆಡ್ಲಿ ಗ್ರೇಂಜ್ ಎಂಬ ಹಳೇ ಮನೆಯ ಹಜಾರದಲ್ಲಿ ಬ್ಯಾಂಡಿನ ಡ್ರಮ್ಮರ್ ಜಾನ್ ಬಾನಮ್ ಅವರ ಡ್ರಮ್ ಇಟ್ಟು, ಮೇಲಿನ ಮೆಟ್ಟಿಲಿನಿಂದ ಮೈಕ್ ಇಳಿಬಿಟ್ಟರು. ಗುಡುಗಿದಂಥ ಆ ಸದ್ದನ್ನು ಹಿಪ್ ಹಾಪ್‌ನವರು ಇಂದಿಗೂ ಎತ್ತಿಕೊಳ್ಳುತ್ತಾರೆ. ಕದ್ದವರ ಮನೆಯಿಂದಲೇ ಕಳವು, ಅಲ್ವಾ?