ಹುಣ್ಣಿಮೆ ನೋಡಿ ಜಿಂಕೆ ಬೇಟೆಗೆ ರಜೆ ಹಾಕಬೇಕೇ?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲೈಸೆನ್ಸ್ ಪಡೆದು ಬಿಳಿಬಾಲದ ಜಿಂಕೆ ಬೇಟೆಯಾಡುವವರಿಗೆ ಈ ಉತ್ತರ. (ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ.)

ಬೇಡ. ಹುಣ್ಣಿಮೆಯ ರಾತ್ರಿಯಿಡೀ ಮೇಯ್ದ ಜಿಂಕೆ ಹಗಲು ಕದಲುವುದಿಲ್ಲ ಎಂಬ ನಂಬಿಕೆ ಹಳೆಯದು. ಆದರೆ ಜಿಪಿಎಸ್ ಕಾಲರ್ ಹಾಕಿ ನಡೆಸಿದ ಅಧ್ಯಯನಗಳಲ್ಲಿ ಚಂದ್ರನ ಪ್ರಭಾವ ಕಂಡದ್ದು ತೀರಾ ಅಲ್ಪ. ಯಾವ ತಿಥಿಯಾದರೂ ಓಡಾಟ ಹೆಚ್ಚುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಜಿಂಕೆಯ ಕಣ್ಣು ಮಬ್ಬು ಬೆಳಕಿಗೇ ಹೊಂದಿಕೊಂಡದ್ದು, ಕತ್ತಲಲ್ಲಿ ಮೇಯಲು ಬೆಳದಿಂಗಳು ಬೇಕಿಲ್ಲ.

ಬೆದೆಗಾಲವನ್ನೂ ಚಂದ್ರ ನಿರ್ಧರಿಸುವುದಿಲ್ಲ. ಹಗಲು ಕುಗ್ಗುತ್ತಾ ಬಂದಂತೆ ಹಾರ್ಮೋನು ಬದಲಾಗುತ್ತದೆ. ಹಾಗಾಗಿ ಅಲ್ಲಿ ಪ್ರತಿವರ್ಷ ನವೆಂಬರ್ ಮಧ್ಯದಲ್ಲೇ ಬೆದೆ ಏರುತ್ತದೆ. ಗರ್ಭ ಸುಮಾರು 200 ದಿನ, ಮರಿ ಬೀಳುವುದು ಮೇವು ಚಿಗುರಿದ ಮೇ ಕೊನೆ, ಜೂನ್‌ನಲ್ಲಿ. ಹುಣ್ಣಿಮೆಯನ್ನು ನಂಬಿ ನವೆಂಬರ್ ಮಧ್ಯದ ಆ ಬೆದೆಯ ವಾರ ತಪ್ಪಿಸಿಕೊಳ್ಳುವುದೇ ದೊಡ್ಡ ನಷ್ಟ.

ಪಂಚಾಂಗಕ್ಕಿಂತ ಗಾಳಿ ನೋಡಿ. ಎಕ್ಕದ ಸಂಬಂಧಿಯಾದ ಮಿಲ್ಕ್‌ವೀಡ್ ಗಿಡದ ಒಂದು ಬೀಜವನ್ನು ನೀವು ಬೇಟೆಗೆ ಕೂರುವ ಅಟ್ಟಣೆಯಿಂದ ತೇಲಿಬಿಡಿ. ಆ ಬಿಳಿ ಎಳೆ ಹೋದ ದಾರಿಯೇ ನಿಮ್ಮ ಮೈವಾಸನೆಯ ದಾರಿ. ಅದು ಜಿಂಕೆ ಬರುವ ಕಡೆಗೆ ತೇಲಿದರೆ ಆ ಅಟ್ಟಣೆ ಅಂದಿಗೆ ಬಿಡಿ. ಗುಡ್ಡದ ಜಾಗದಲ್ಲಿ ಬಿಸಿಲೇರಿದ ಮೇಲೆ ಗಾಳಿ ಮೇಲಕ್ಕೇರುತ್ತದೆ, ಸಂಜೆ ತಂಪಾದಂತೆ ಕಣಿವೆಗೆ ಇಳಿಯುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಜಾಗ ಸಂಜೆ ಕೈಕೊಡುವುದು ಇದಕ್ಕೇ. ಬೆಳಗ್ಗೆ ಇಳಿಜಾರಿನ ಮೇಲ್ಭಾಗದಲ್ಲಿ ಕೂತರೆ, ಸಂಜೆ ಜಿಂಕೆ ದಾರಿಗಿಂತ ಕೆಳಗೆ ಕೂರಿ.