ಮೈಲ್ಸ್ ಟಿಕೆಟ್‌ನ ವಿಮಾನ ರದ್ದಾದರೆ ಯಾರನ್ನು ಕೇಳಬೇಕು?

ಪ್ರಶ್ನೆ: ಒಂದು ಏರ್‌ಲೈನ್‌ನ ಮೈಲ್ಸ್ (ಪ್ರಯಾಣಿಕರಿಗೆ ಏರ್‌ಲೈನ್ ಕೊಡುವ ಪಾಯಿಂಟ್‌ಗಳು) ಕೂಡಿಸಿಟ್ಟು ಅಪ್ಪ-ಅಮ್ಮನಿಗೆ ಬಿಸಿನೆಸ್ ಕ್ಲಾಸ್‌ನಲ್ಲಿ ಎರಡು ಸೀಟು ಬುಕ್ ಮಾಡಿದ್ದೆ. ವಿಮಾನ ಮಾತ್ರ ಅವರ ಪಾರ್ಟ್‌ನರ್ ಏರ್‌ಲೈನ್‌ದು. ಹೊರಡುವುದು ಯುರೋಪಿನಿಂದ. ಪ್ರಯಾಣಕ್ಕೆ ಹತ್ತು ದಿನ ಇರುವಾಗ ವಿಮಾನ ರದ್ದು ಅಂತ ಇಮೇಲ್ ಬಂತು. ಮೈಲ್ಸ್‌ನವರಿಗೆ ಫೋನ್ ಮಾಡಿದರೆ "ಬೇರೆ ವಿಮಾನದಲ್ಲಿ ಅವಾರ್ಡ್ ಸೀಟು (ಮೈಲ್ಸ್‌ಗೆ ಕೊಡುವ ಸೀಟು) ಇಲ್ಲ, ಮೈಲ್ಸ್ ವಾಪಸ್ ಹಾಕ್ತೀವಿ" ಅಂದರು. ಪಾರ್ಟ್‌ನರ್ ಕಡೆ ಕೇಳಿದರೆ "ಟಿಕೆಟ್ ಕೊಟ್ಟವರನ್ನೇ ಕೇಳಿ" ಅಂದರು. ಅದೇ ದಿನ ಸಂಜೆ ಅದೇ ಏರ್‌ಲೈನ್‌ನ ಇನ್ನೊಂದು ವಿಮಾನ ಇದೆ, ದುಡ್ಡು ಕೊಟ್ಟರೆ ಸೀಟೂ ಸಿಗುತ್ತಿದೆ. ಮೈಲ್ಸ್ ಟಿಕೆಟ್ ಅಂದರೆ ಹಕ್ಕೇ ಇಲ್ವಾ?

ಉತ್ತರ: ಇದೆ. ಚೆನ್ನಾಗಿಯೇ ಇದೆ. ಆದರೆ ಮೊದಲು ಒಂದು ಮಾತು: ಇಮೇಲ್‌ನಲ್ಲಿರುವ ರಿಫಂಡ್ ಬಟನ್ ಒತ್ತಬೇಡಿ. ಫೋನಿನಲ್ಲೂ "ಸರಿ, ಮೈಲ್ಸ್ ವಾಪಸ್ ಹಾಕಿ" ಅನ್ನಬೇಡಿ. ರಿಫಂಡ್ ಒಪ್ಪಿಕೊಂಡರೆ ಬೇರೆ ವಿಮಾನ ಕೊಡಿ ಅಂತ ಕೇಳುವ ದಾರಿ ಅಲ್ಲಿಗೇ ಮುಚ್ಚುತ್ತದೆ. ಮೈಲ್ಸ್ ಖಾತೆಗೆ ಬಂದರೂ ಅದೇ ಮೈಲ್ಸ್‌ಗೆ ಹತ್ತು ದಿನದಲ್ಲಿ ಹೊರಡುವ ಎರಡು ಬಿಸಿನೆಸ್ ಸೀಟು ಸಿಗುವುದು ತೀರಾ ಕಷ್ಟ.

ಯುರೋಪಿಯನ್ ಒಕ್ಕೂಟದ ವಿಮಾನ ನಿಲ್ದಾಣದಿಂದ ಹೊರಡುವ ಯಾವುದೇ ಏರ್‌ಲೈನ್‌ಗೆ 261/2004 ಅನ್ನುವ ನಿಯಮ ಅನ್ವಯಿಸುತ್ತದೆ. ಅದರ 3ನೇ ವಿಧಿಯಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಪುಕ್ಕಟೆ ಟಿಕೆಟ್‌ಗೆ ಈ ನಿಯಮ ಇಲ್ಲ ಅಂದ ಮೇಲೆ, ಫ್ರೀಕ್ವೆಂಟ್ ಫ್ಲೈಯರ್ ಯೋಜನೆಯಲ್ಲಿ, ಅಂದರೆ ಮೈಲ್ಸ್‌ಗೆ, ಕೊಟ್ಟ ಟಿಕೆಟ್‌ಗೆ ಆದರೂ ಇದು ಅನ್ವಯಿಸುತ್ತದೆ ಅಂತ ಬಿಡಿಸಿ ಹೇಳಿದೆ. 8ನೇ ವಿಧಿ ಆಯ್ಕೆಯನ್ನು ನಿಮ್ಮ ಕೈಗೆ ಕೊಡುತ್ತದೆ. ರಿಫಂಡ್ ತಗೊಳ್ಳಬಹುದು, ಆದಷ್ಟು ಬೇಗ ಹೊರಡುವ ಬೇರೆ ವಿಮಾನ ಕೇಳಬಹುದು, ಇಲ್ಲವೇ ಸೀಟು ಇದ್ದರೆ ನಿಮಗೆ ಅನುಕೂಲವಾದ ಇನ್ನೊಂದು ದಿನ ಕೇಳಬಹುದು. ಅಲ್ಲಿ ಎಲ್ಲೂ "ಅವಾರ್ಡ್ ಸೀಟು ಇದ್ದರೆ" ಅನ್ನುವ ಷರತ್ತಿಲ್ಲ. ಸಂಜೆಯ ವಿಮಾನದಲ್ಲಿ ಮಾರಾಟಕ್ಕೆ ಸೀಟು ಇದೆ ಅಂದರೆ ಸೀಟು ಇದೆ. ನಿಮ್ಮ ವಾದದ ಗಟ್ಟಿ ಜಾಗ ಇದೇ.

ಹಾಗಾದರೆ ಇಬ್ಬರೂ ಯಾಕೆ ಕೈತೊಳೆದುಕೊಳ್ಳುತ್ತಾರೆ? ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ತಿಳಿದಿದ್ದರೆ ಫೋನಿನಲ್ಲಿ ನಿಮ್ಮ ಮಾತಿಗೆ ಬೆಲೆ ಜಾಸ್ತಿ.

ನಿಮ್ಮ ಇ-ಟಿಕೆಟ್ ತೆಗೆದು ನೋಡಿ. 13 ಅಂಕಿಯ ಟಿಕೆಟ್ ನಂಬರ್ ಇರುತ್ತದೆ. ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟವರ ಗುರುತು: 016 ಇದ್ದರೆ ಯುನೈಟೆಡ್, 125 ಇದ್ದರೆ ಬ್ರಿಟಿಷ್ ಏರ್‌ವೇಸ್, 618 ಇದ್ದರೆ ಸಿಂಗಾಪುರ್ ಏರ್‌ಲೈನ್ಸ್. ಟಿಕೆಟ್ ತಿದ್ದುವ ಅಧಿಕಾರ ಇವರದ್ದು. ಆದರೆ ಸೀಟು ಇರುವುದು ವಿಮಾನ ಹಾರಿಸುವವರ ಬಳಿ. ಪಾರ್ಟ್‌ನರ್ ತನ್ನ ಸೀಟುಗಳಲ್ಲಿ ಒಂದಷ್ಟನ್ನು ಮಾತ್ರ ಮೈಲ್ಸ್‌ಗೆ ಅಂತ ಬೇರೆ ಇಟ್ಟಿರುತ್ತದೆ. ಕಾಲ್ ಸೆಂಟರ್‌ನವರ ಪರದೆಯಲ್ಲಿ ಕಾಣುವುದು ಅಷ್ಟೇ. ಅದು ಸೊನ್ನೆ ಅಂತ ತೋರಿಸಿದರೆ ಅವರು ಇಲ್ಲ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಹೊಸ ಬುಕಿಂಗ್‌ಗೆ ನೋಡುವ ಜಾಗದಲ್ಲಿ ನೋಡುತ್ತಿದ್ದಾರೆ. ನಿಮ್ಮದು ಹೊಸ ಬುಕಿಂಗ್ ಅಲ್ಲ. ಏರ್‌ಲೈನೇ ರದ್ದು ಮಾಡಿದಾಗ ಅದೇ ಸೀಟನ್ನು ಮಾಮೂಲಿ ಮಾರಾಟದ ಸೀಟುಗಳಿಂದ ತೆಗೆದುಕೊಡಲು ಪಾರ್ಟ್‌ನರ್‌ಗೆ ಸಾಧ್ಯ. ಕೇಳುವವರು ಬೇಕು, ಅಷ್ಟೇ.

ಆದ್ದರಿಂದ ಹೀಗೆ ಕೇಳಿ: "ನಾನು ಟಿಕೆಟ್ ಬದಲಾಯಿಸುತ್ತಿಲ್ಲ. ವಿಮಾನ ರದ್ದಾಗಿರುವುದು ಏರ್‌ಲೈನ್ ಕಡೆಯಿಂದ. ಸಂಜೆಯ ಇಂಥ ನಂಬರಿನ ವಿಮಾನದಲ್ಲಿ ಇದೇ ಕ್ಲಾಸಿನಲ್ಲಿ ಸೀಟು ಇದೆ. ನೀವೇ ಪಾರ್ಟ್‌ನರ್ ಏರ್‌ಲೈನ್‌ಗೆ ಫೋನ್ ಮಾಡಿ ಸೀಟು ಖಚಿತ ಮಾಡಿಸಿ, ಟಿಕೆಟ್ ರೀಇಶ್ಯೂ ಮಾಡಿ (ಹೊಸ ವಿಮಾನಕ್ಕೆ ಹೊಸದಾಗಿ ಕೊಡಿ). ನಾನು ಲೈನಿನಲ್ಲೇ ಇರುತ್ತೇನೆ." ವಿಮಾನದ ನಂಬರು, ತಾರೀಖು, ಸಮಯ ನೀವೇ ಹುಡುಕಿಟ್ಟಿರಿ. "ಏನಾದರೂ ಮಾಡಿ" ಅಂದರೆ ಏನೂ ಆಗುವುದಿಲ್ಲ. ಒಬ್ಬರು ಆಗಲ್ಲ ಅಂದರೆ ಅವರ ಮೇಲಿನವರನ್ನು ಕೇಳಿ. ಅವರೂ ಒಪ್ಪದಿದ್ದರೆ ಫೋನ್ ಇಟ್ಟು ಇನ್ನೊಮ್ಮೆ ಮಾಡಿ. ಪಾರ್ಟ್‌ನರ್‌ಗೆ ಫೋನ್ ಮಾಡಿಸುವ ಕ್ರಮ ಗೊತ್ತಿರುವವರು, ಗೊತ್ತಿಲ್ಲದವರು ಇಬ್ಬರೂ ಅದೇ ಕಾಲ್ ಸೆಂಟರ್‌ನಲ್ಲಿ ಕೂತಿರುತ್ತಾರೆ.

ಜೊತೆಗೆ ಪಾರ್ಟ್‌ನರ್‌ಗೂ ಬರಹದಲ್ಲಿ ಕೇಳಿ. ಯುರೋಪಿನ ನಿಯಮ ಹೊಣೆ ಹೊರಿಸುವುದು ವಿಮಾನ ಹಾರಿಸುವ ಏರ್‌ಲೈನ್ ಮೇಲೆ. "ಟಿಕೆಟ್ ಕೊಟ್ಟವರನ್ನು ಕೇಳಿ" ಅಂದು ಅವರು ಜಾರಿಕೊಳ್ಳುವಂತಿಲ್ಲ. ನಿಮಗೆ ಆಯ್ಕೆ ಕೊಡದೆ ಅವರೇ ರಿಫಂಡ್ ಮಾಡಿಬಿಟ್ಟರೆ, ಅಂಥದ್ದೇ ಬೇರೆ ಟಿಕೆಟ್ ಕೊಳ್ಳಲು ತಗುಲಿದ ಹೆಚ್ಚುವರಿ ಹಣ ಕೇಳಬಹುದು ಅಂತ ಯುರೋಪಿಯನ್ ಕಮಿಷನ್‌ನ ಮಾರ್ಗಸೂಚಿ ಹೇಳುತ್ತದೆ. ಅದಕ್ಕೇ ಬರಹದ ದಾಖಲೆ ಮುಖ್ಯ. ರದ್ದಾದ ಇಮೇಲ್ ಇಟ್ಟುಕೊಳ್ಳಿ. ಸಂಜೆಯ ವಿಮಾನದಲ್ಲಿ ಸೀಟು ತೋರಿಸುವ ಪರದೆಯ ಚಿತ್ರ ಇವತ್ತೇ ತೆಗೆದಿಡಿ.

ಪರಿಹಾರದ ಹಣ ಬೇರೆ ವಿಷಯ. ಹದಿನಾಲ್ಕು ದಿನಕ್ಕಿಂತ ಕಡಿಮೆ ಮುಂಚೆ ತಿಳಿಸಿದ್ದಾರೆ, ಹಾಗಾಗಿ ಅದನ್ನೂ ಕೇಳಬಹುದು. ದೂರ ನೋಡಿ ತಲೆಗೆ 250, 400 ಅಥವಾ 600 ಯೂರೋ. ಮೈಲ್ಸ್ ಟಿಕೆಟ್ ಅಂತ ಇದರಲ್ಲಿ ಕಡಿತ ಇಲ್ಲ. ಆದರೆ ಅವರು ಕೊಡುವ ಬದಲಿ ವಿಮಾನ ಮೂಲ ಸಮಯಕ್ಕಿಂತ ಎರಡು ಗಂಟೆಗಿಂತ ಹೆಚ್ಚು ಮುಂಚೆ ಹೊರಡದೆ, ನಾಲ್ಕು ಗಂಟೆ ತಡವಾಗುವುದರೊಳಗೆ ತಲುಪಿಸಿದರೆ ಈ ಹಣ ಇಲ್ಲ. ಹವಾಮಾನದಂಥ ಏರ್‌ಲೈನ್‌ನ ಕೈಮೀರಿದ ಕಾರಣ ಇದ್ದರೂ ಇಲ್ಲ. ಬೇರೆ ವಿಮಾನದ ಹಕ್ಕು ಮಾತ್ರ ಆಗಲೂ ಉಳಿಯುತ್ತದೆ.

ಕೊನೆಗೆ, ಬಹಳ ಜನ ಎಡವುವ ಜಾಗ. ಹೊಸ ವಿಮಾನ ಬುಕಿಂಗ್‌ನಲ್ಲಿ ಕಾಣಿಸಿತು, ಪಕ್ಕದಲ್ಲಿ ಎಚ್‌ಕೆ ಅಂತ ಇದೆ, ಅಂದರೆ ಸೀಟು ಖಚಿತ. ಅಷ್ಟಕ್ಕೇ ನೆಮ್ಮದಿಯಾಗಬೇಡಿ. ಸೀಟು ಬೇರೆ, ಟಿಕೆಟ್ ಬೇರೆ. ಟಿಕೆಟ್ ಇನ್ನೂ ಹಳೆಯ ವಿಮಾನದ ಹೆಸರಿನಲ್ಲೇ ಇದ್ದರೆ ಚೆಕ್-ಇನ್ ಕೌಂಟರ್‌ನಲ್ಲಿ ಅಪ್ಪ-ಅಮ್ಮ ನಿಂತುಬಿಡುತ್ತಾರೆ. ಹೊಸ ವಿಮಾನದ ನಂಬರ್ ಇರುವ ಇ-ಟಿಕೆಟ್ ರಸೀದಿ ಕೈಗೆ ಬರುವ ತನಕ ಬಿಡಬೇಡಿ. ಪಾರ್ಟ್‌ನರ್‌ನ ಪಿಎನ್‌ಆರ್ ಬೇರೆ ಇರುತ್ತದೆ, ಅದನ್ನೂ ಕೇಳಿ ಬರೆದುಕೊಂಡು ಅವರ ವೆಬ್‌ಸೈಟ್‌ನಲ್ಲಿ ತೆರೆದು ನೋಡಿ.

ಪ್ರಶ್ನೆ: ವಿಮಾನ ನಿಲ್ದಾಣಕ್ಕೆ ಹೋದ ಮೇಲೆ ರದ್ದು ಅಂದರೆ? ಆಗಲೂ ಮೈಲ್ಸ್‌ನವರಿಗೇ ಫೋನ್ ಮಾಡಬೇಕಾ?

ಉತ್ತರ: ಆಗ ಮೊದಲು ಹೋಗಬೇಕಾದ್ದು ಹಾರಿಸುವ ಏರ್‌ಲೈನ್‌ನ ಕೌಂಟರ್‌ಗೆ. ಪ್ರಯಾಣದ ಹೊತ್ತು ಹತ್ತಿರ ಬಂದಾಗ ಟಿಕೆಟ್ ಅವರ ಹಿಡಿತಕ್ಕೆ ಹೋಗಿರುತ್ತದೆ. ಕಾಲ್ ಸೆಂಟರ್‌ನವರು "ಟಿಕೆಟ್ ಏರ್‌ಪೋರ್ಟ್ ಕಂಟ್ರೋಲ್‌ನಲ್ಲಿದೆ, ನಾವು ಮುಟ್ಟೋಕಾಗಲ್ಲ" ಅಂದರೆ ಅದು ನೆಪ ಅಲ್ಲ, ನಿಜ. ಯುರೋಪಿನಲ್ಲಾದರೆ ಕಾಯುವಾಗ ಊಟ, ರಾತ್ರಿ ಉಳಿಯಬೇಕಾದರೆ ಹೋಟೆಲ್ ಕೂಡ ಅವರೇ ಕೊಡಬೇಕು. ಕಾರಣ ಏನೇ ಇರಲಿ. 2010ರಲ್ಲಿ ಐಸ್‌ಲ್ಯಾಂಡ್‌ನ ಜ್ವಾಲಾಮುಖಿಯ ಬೂದಿಯಿಂದ ವಿಮಾನಗಳು ನಿಂತಾಗಲೂ ಈ ಹೊಣೆ ತಪ್ಪುವುದಿಲ್ಲ ಅಂತ ಯುರೋಪಿನ ನ್ಯಾಯಾಲಯ 2013ರಲ್ಲಿ ತೀರ್ಪು ಕೊಟ್ಟಿದೆ. ಊಟ-ಹೋಟೆಲ್‌ಗೆ ನೀವೇ ಖರ್ಚು ಮಾಡಿದ್ದರೆ ಬಿಲ್ಲು ಇಟ್ಟುಕೊಳ್ಳಿ.

ಪ್ರಶ್ನೆ: ಅಮೆರಿಕ, ಕೆನಡಾದ ವಿಮಾನಗಳಿಗೂ ಇದೇ ನಿಯಮವಾ?

ಉತ್ತರ: ಅಲ್ಲ. ಅಮೆರಿಕದ ಕಾನೂನು ಗಟ್ಟಿಯಾಗಿ ಕೊಡುವುದು ರಿಫಂಡ್ ಹಕ್ಕನ್ನು. ಬೇರೆ ವಿಮಾನ ಕೊಡುವುದು ಆಯಾ ಏರ್‌ಲೈನ್‌ನ ಷರತ್ತಿಗೆ ಬಿಟ್ಟದ್ದು, ಆ ಷರತ್ತನ್ನು ಓದಿಯೇ ಫೋನ್ ಮಾಡಿ. ಕೆನಡಾದಲ್ಲಿ ದೊಡ್ಡ ಏರ್‌ಲೈನ್ ತನ್ನದೇ ಕಾರಣಕ್ಕೆ ರದ್ದು ಮಾಡಿದರೆ ಮೂಲ ಸಮಯದಿಂದ ಒಂಬತ್ತು ಗಂಟೆಯೊಳಗೆ ಹೊರಡುವ ತನ್ನ ಅಥವಾ ಪಾರ್ಟ್‌ನರ್‌ನ ವಿಮಾನ ಕೊಡಬೇಕು. ಆಗದಿದ್ದರೆ ಪೈಪೋಟಿಯ ಏರ್‌ಲೈನ್‌ನಲ್ಲಾದರೂ ಸೀಟು ಕೊಡಿಸಬೇಕು. ರಿಫಂಡ್ ತಗೊಳ್ಳುವುದೇ ಸರಿ ಅನ್ನಿಸಿದರೆ ಮೈಲ್ಸ್ ಜೊತೆ ನೀವು ಕಟ್ಟಿದ ತೆರಿಗೆ, ಶುಲ್ಕವೂ ಬಂತಾ ಅಂತ ನೋಡಿ. ವಾಪಸ್ ಬಂದ ಮೈಲ್ಸ್‌ನ ಅವಧಿ ಆಗಲೇ ಮುಗಿದಿದ್ದರೆ, ರದ್ದು ಮಾಡಿದ್ದು ಏರ್‌ಲೈನ್ ಅಂತ ನೆನಪಿಸಿ ಅವಧಿ ವಿಸ್ತರಿಸಲು ಬರಹದಲ್ಲೇ ಕೇಳಿ.