ಅಪ್ಪನ ಅಸಿಟ್ರೋಮ್, ತಾರಸಿಯ ಸೊಪ್ಪು ಮತ್ತು ಆ ಕ್ಯಾನ್ಸರ್ ಫಾರ್ವರ್ಡ್

ಜಯನಗರದ ತಾರಸಿ ತೋಟದವರು ಎರಡು ವಿಷಯ ಕೇಳಿದ್ದಾರೆ. ಅಪ್ಪನ ಹೃದಯಕ್ಕೆ ಕವಾಟ ಹಾಕಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ತಡೆಯೋ ಅಸಿಟ್ರೋಮ್ ಮಾತ್ರೆ ನುಂಗ್ತಾರೆ, ಹರಿವೆ, ಪಾಲಕ್ ಕೊಡಬಹುದಾ? ‘ವಿಟಮಿನ್ ಕೆ ಕ್ಯಾನ್ಸರ್ ಬೆಳೆಸುತ್ತೆ’ ಅನ್ನೋ ಫಾರ್ವರ್ಡ್ ನಿಜಾನಾ?

ಫಾರ್ವರ್ಡ್ ಪೂರ್ತಿ ಸುಳ್ಳಲ್ಲ, ಅದೇ ತಲೆನೋವು. ರಕ್ತ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನ್‌ಗಳನ್ನು ಲಿವರ್ ತಯಾರಿಸುವಾಗ ವಿಟಮಿನ್ ಕೆ ಬೇಕು. ಒಮ್ಮೆ ಬಳಸಿದ ಕೆಯನ್ನು ದೇಹ ಮತ್ತೆ ಸರಿಮಾಡಿಕೊಳ್ಳುತ್ತದೆ. ಅಸಿಟ್ರೋಮ್, ಅದೇ ಜಾತಿಯ ಮಾತ್ರೆ ವಾರ್ಫರಿನ್ ತಡೆಯುವುದು ಇದನ್ನೇ. (ಅಂಗಡಿಯ ಇಲಿ ಪಾಷಾಣ ಬ್ರೊಮಾಡಿಯೊಲೋನ್ ಕೂಡ ಇದೇ ಕುಲದ್ದು. ನಾಯಿ ಇರೋರು ಕುಂಡಗಳ ಮಧ್ಯೆ ಇಡಬೇಡಿ.)

ಗ್ಯಾಸ್6 ಅನ್ನೋ ಇನ್ನೊಂದು ಪ್ರೋಟೀನಿಗೂ ಕೆ ಬೇಕು. ಅದು ಕೋಶದ ಮೇಲಿನ ಆಕ್ಸಲ್ ಎಂಬ ಸ್ವಿಚ್ ಒತ್ತುತ್ತದೆ. ಕೆಲವು ಕ್ಯಾನ್ಸರ್ ಕೋಶಗಳು ಬದುಕುವುದಕ್ಕೂ ಹರಡುವುದಕ್ಕೂ ಇದು ನೆರವಾಗುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ ಇಲಿಗಳಿಗೆ ಕಮ್ಮಿ ಡೋಸ್ ವಾರ್ಫರಿನ್ ಕೊಟ್ಟಾಗ ಹರಡುವುದು ತಗ್ಗಿತು. ನಾರ್ವೆಯಲ್ಲಿ 12 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿ 2017ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ವಾರ್ಫರಿನ್ ತಗೊಳ್ಳುವವರಲ್ಲಿ ಕ್ಯಾನ್ಸರ್ ಸುಮಾರು 16% ಕಮ್ಮಿ ಇತ್ತು. ಆದರೆ ಅದು ದಾಖಲೆ ನೋಡಿ ಹಾಕಿದ ಲೆಕ್ಕ, ಮಾತ್ರೆಯೇ ಕಾರಣ ಅಂತ ಅದರಿಂದ ಹೇಳೋಕಾಗಲ್ಲ. ಅತ್ತ ಕೆ2 (ವಿಟಮಿನ್ ಕೆಯ ಒಂದು ರೂಪ) ಲ್ಯಾಬಿನಲ್ಲಿ ಲಿವರ್ ಕ್ಯಾನ್ಸರ್ ಕೋಶಗಳನ್ನು ಹಿಮ್ಮೆಟ್ಟಿಸಿತ್ತು, ಜಪಾನಿನ ದೊಡ್ಡ ಪ್ರಯೋಗದಲ್ಲಿ ರೋಗ ಮರುಕಳಿಸುವುದನ್ನು ಮಾತ್ರ ತಡೆಯಲಿಲ್ಲ. ಇದರಲ್ಲಿ ಯಾವುದನ್ನೂ ನಂಬಿ ಬಸ್ಸಾರು ಬಿಡಬೇಕಿಲ್ಲ. ಕ್ಯಾನ್ಸರ್ ಭಯಕ್ಕೆ ಸುಮ್ನೆ ಮಾತ್ರೆ ಶುರು ಮಾಡೋದಂತೂ ಬೇಡವೇ ಬೇಡ, ರಕ್ತಸ್ರಾವ ಆದರೆ ಜೀವಕ್ಕೇ ಕುತ್ತು.

ಈಗ ಅಪ್ಪನ ತಟ್ಟೆಗೆ ಬರೋಣ. ಸೊಪ್ಪು ನಿಲ್ಲಿಸೋದು ಬೇಡ, ಏರುಪೇರು ಬೇಡ. ದೊಡ್ಡವರಿಗೆ ದಿನಕ್ಕೆ ಸುಮಾರು 100 ಮೈಕ್ರೋಗ್ರಾಂ ಕೆ ಸಾಕು. 100 ಗ್ರಾಂ ಹಸಿ ಪಾಲಕ್‌ನಲ್ಲೇ 480ರ ಆಸುಪಾಸು ಇರುತ್ತದೆ. ನಮ್ಮ ತಾರಸಿಗಳ ಪಾಡು ಗೊತ್ತಲ್ವಾ? ಮಳೆ ಹಿಡಿದರೆ ಒಂದೇ ವಾರ ಬುಟ್ಟಿಗಟ್ಟಲೆ ಹರಿವೆ. ದಿನಾ ಸಾರು, ಪಲ್ಯ. ಸೊಪ್ಪಿನ ಕೆ ಮಾತ್ರೆಗೆ ಎದುರಾಗಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋ ಅಳತೆ) ಇಳಿಯುತ್ತದೆ, ಡಾಕ್ಟರ್ ಡೋಸ್ ಏರಿಸ್ತಾರೆ. ಅಷ್ಟರಲ್ಲಿ ಸೊಪ್ಪು ಮುಗಿದಿರುತ್ತದೆ, ಐಎನ್‌ಆರ್ ಜಿಗಿಯುತ್ತದೆ. ಅದಕ್ಕೆ ಬೀಜ ಒಟ್ಟಿಗೆ ಎರಚಬೇಡಿ. ಹತ್ತು ದಿನಕ್ಕೊಂದು ಚಿಕ್ಕ ಟ್ರೇ ಹಾಕಿ. ಜಾಸ್ತಿ ಬಂದದ್ದು ಪಕ್ಕದ ಮನೆಗೆ. ವಾರಕ್ಕೆ ಎಷ್ಟು ಸಲ ಸೊಪ್ಪು ತಿಂತಾರೆ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಡೋಸ್ ಅದಕ್ಕೆ ಹೊಂದಿಸ್ತಾರೆ.

ಹೆಪ್ಪುಗಟ್ಟುವುದನ್ನು ಬೇರೆ ದಾರಿಯಲ್ಲಿ ತಡೆಯುವ ಅಪಿಕ್ಸಬಾನ್, ರಿವರೊಕ್ಸಬಾನ್ ಮಾತ್ರೆ ನುಂಗುವವರಿಗೆ ಈ ಸೊಪ್ಪಿನ ಲೆಕ್ಕ ಬೇಡ. ಹಾಗಂತ ಲೋಹದ ಕವಾಟದವರು ಅದಕ್ಕೆ ಬದಲಾಯಿಸಿಕೊಳ್ಳುವ ಹಾಗಿಲ್ಲ.

ಇನ್ನೊಂದು. ಲಿವರ್ ಕ್ಯಾನ್ಸರ್ ತಪಾಸಣೆಗೆ ಪಿವ್ಕಾ (ಕೆ ಸಾಲದೆ ಅರೆಬರೆ ತಯಾರಾದ ಹೆಪ್ಪುಗಟ್ಟಿಸುವ ಪ್ರೋಟೀನ್) ಪರೀಕ್ಷೆ ಬರೆದರೆ ಅಸಿಟ್ರೋಮ್ ವಿಷಯ ತಪ್ಪದೆ ತಿಳಿಸಿ. ಆ ಮಾತ್ರೆಯಿಂದಲೂ ಪಿವ್ಕಾ ಏರುತ್ತದೆ, ಗಡ್ಡೆ ಇಲ್ಲದೆಯೇ.